ಮನೆಗೆ ಬಂದ ಪರೀಕ್ಷೆ, ಮನೆಯಲ್ಲೇ ಇದ್ದ ಪ್ರಶ್ನೆ

‘ಈ ಪೇಪರಿನ ಇಂಟರ್ನಲ್ಸ್ ಹಾಲ್‌ನಲ್ಲಿ ಇರೋದಿಲ್ಲ. ಪ್ರಶ್ನೆಪತ್ರಿಕೆ ಮನೆಗೆ ತಗೊಂಡು ಹೋಗಿ, 48 ಗಂಟೆಯೊಳಗೆ ಉತ್ತರ ಕಳಿಸಿ’ ಎಂದು ನಮ್ಮ ಮೇಡಂ ಹೇಳಿದಾಗ ಎಂ.ಕಾಂ. ತರಗತಿಯ ಹಿಂದಿನ ಬೆಂಚಿನಿಂದ ಸೀಟಿ ಕೇಳಿಸಿತು. ನಾನೂ ನಕ್ಕೆ. ಹಣಕಾಸಿನ ಲೆಕ್ಕವನ್ನು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು ಬಿಡಿಸುವ ಪೇಪರ್ ಅದು. ಪುಸ್ತಕ ತೆರೆಯಬಹುದು, ನೆಟ್ ನೋಡಬಹುದು, ಕಾವಲಿಗೆ ಯಾರೂ ಇಲ್ಲ. ಇದಕ್ಕಿಂತ ಸುಲಭ ಇನ್ನೇನಿದೆ ಅಂದುಕೊಂಡೆವು.

ಆ ಪರೀಕ್ಷೆಯಲ್ಲಿ ನನಗೆ 20ಕ್ಕೆ 7 ಬಂತು.

ಆದದ್ದು ಇಷ್ಟು. ಸೀನಿಯರ್ ಒಬ್ಬರಿಂದ ಹಳೆಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ತುಂಬಿಸಿಕೊಂಡಿದ್ದೆ. ನೋಟ್ಸ್ ಎಂದು ಇನ್ನೂರು ಪುಟ ಜೆರಾಕ್ಸ್ ಮಾಡಿಸಿದ್ದೆ. ಪ್ರಶ್ನೆ ಬಂದ ಕೂಡಲೇ ಅದಕ್ಕೆ ಹತ್ತಿರದ ಫೈಲ್ ಹುಡುಕಿ, ಅಂಕಿಗಳನ್ನು ಬದಲಿಸಿ ಕಳಿಸಿದೆ. ಆದರೆ ಮೂರು ದಿನ ಬಿಟ್ಟು ಹತ್ತು ನಿಮಿಷದ ವೈವಾ ಇತ್ತು. ಮೇಡಂ ನನ್ನ ಉತ್ತರದ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಈ ಟೆಂಪ್-2 ಅಂದ್ರೆ ಏನಮ್ಮಾ?’ ಎಂದರು. ಅದು ಯಾರೋ ಯಾವತ್ತೋ ಇಟ್ಟ ಹೆಸರು. ನಾನು ಫ್ಯಾನ್ ನೋಡಿದೆ, ಕಿಟಕಿ ನೋಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಎರಡನೇ ಸಲವೂ ಅಂಥದ್ದೇ ಪರೀಕ್ಷೆ ಬರೆದಿದ್ದೇನೆ. ನಡುವಿನ ತಿಂಗಳುಗಳಲ್ಲಿ ನಾವು ನಾಲ್ಕು ಜನ ಮಾಡಿದ ತಯಾರಿಯ ಬಗ್ಗೆ ಹೇಳಬೇಕು ಅನ್ನಿಸಿದೆ. ಮನೆ ಪರೀಕ್ಷೆ ಬೇಡ, ಅದರಿಂದ ಕಾಪಿ ಹೆಚ್ಚುತ್ತದೆ ಎನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕಾಪಿ ಹೊಡೆದು ಕೈ ಸುಟ್ಟುಕೊಂಡವಳಾಗಿಯೂ ನಾನು ಅದು ಬೇಕು ಎನ್ನುತ್ತೇನೆ.

ನಾಲ್ವರಲ್ಲಿ ನಾನು ಹೊಸಪೇಟೆಯವಳು. ಒಬ್ಬಳು ಹಂಪಿ ಪಕ್ಕದ ಕಡ್ಡಿರಾಂಪುರದವಳು, ಇನ್ನೊಬ್ಬಳು ಸಂಡೂರಿನವಳು, ಮತ್ತೊಬ್ಬ ಕಂಪ್ಲಿಯವನು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ನಾವಿಬ್ಬರು ಹೊಸ ಜಿಲ್ಲೆಗೆ ಬಂದೆವು, ಅವರಿಬ್ಬರು ಬಳ್ಳಾರಿಯಲ್ಲೇ ಉಳಿದರು. ತರಗತಿಯಲ್ಲಿ ಮಾತ್ರ ಒಂದೇ ಬೆಂಚು, ಎಲ್ಲರಿಗೂ ಒಂದೇ ಥರದ ಕಡಿಮೆ ಅಂಕ. ‘ಪುಸ್ತಕದ ಲೆಕ್ಕ ಮಾಡಿ ಸಾಕಾಯ್ತು, ಒಬ್ಬೊಬ್ಬರೂ ಮನೆಯಿಂದ ಒಂದೊಂದು ಲೆಕ್ಕ ತರೋಣ’ ಎಂದವಳು ಸಂಡೂರಿನವಳು. ಅದು ಎಷ್ಟು ಒಳ್ಳೆಯ ಸಲಹೆ ಎಂದು ಆವಾಗ ನಮಗೆ ಗೊತ್ತಾಗಲಿಲ್ಲ.

ನನ್ನ ಮನೆಯಲ್ಲಿ ಲೆಕ್ಕಕ್ಕೇನೂ ಬರ ಇರಲಿಲ್ಲ. ಅಪ್ಪ ಲಗೇಜ್ ಗಾಡಿ ಓಡಿಸುತ್ತಾರೆ. ಬಾಳೆಗೊನೆ, ಸಿಮೆಂಟು, ಮದುವೆ ಸಾಮಾನು, ಏನು ಸಿಕ್ಕರೆ ಅದು. 2023ರಲ್ಲಿ ಹೊಸ ಗಾಡಿಗೆ ಒಂದು ಫೈನಾನ್ಸ್‌ನಲ್ಲಿ 6 ಲಕ್ಷ ಸಾಲ ತೆಗೆದರು. ಶೇಕಡಾ 11 ಬಡ್ಡಿ, ನಾಲ್ಕು ವರ್ಷ, ತಿಂಗಳಿಗೆ 18,000 ರೂಪಾಯಿಯಂತೆ 48 ಕಂತು. 29 ಕಂತು ಕಟ್ಟಿದ ಮೇಲೆ, ಅಜ್ಜನ ಹೊಲದ ಪಾಲು ಬಂದಿದ್ದರಿಂದ ಸಾಲ ಒಂದೇ ಸಲ ಮುಗಿಸೋಣ ಎಂದು ಆಫೀಸಿಗೆ ಹೋದರು. ಅಪ್ಪನ ಲೆಕ್ಕ ಸರಳ: ಆರು ಲಕ್ಷವನ್ನು 48 ಭಾಗ ಮಾಡಿದರೆ ತಿಂಗಳಿಗೆ 12,500 ಅಸಲು, ಉಳಿದ 19 ಕಂತಿಗೆ 2,37,500. ಅಲ್ಲಿ ಹೇಳಿದ್ದು ಸುಮಾರು 2 ಲಕ್ಷ 93 ಸಾವಿರ, ಅದರ ಮೇಲೆ ಶುಲ್ಕ ಬೇರೆ. ಅಪ್ಪ ಜಗಳ ಮಾಡಿಕೊಂಡು ಮನೆಗೆ ಬಂದರು. ‘ಐವತ್ತೈದು ಸಾವಿರ ಎಲ್ಲಿಗೆ ಹೋತು? ಮೋಸ ಮಾಡಾಕತ್ತಾರ’ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಹಣಕಾಸಿನಲ್ಲಿ ಎಂ.ಕಾಂ. ಓದುತ್ತಿರುವ ಮಗಳು. ‘ನೋಡವ್ವಾ ಇದು ಖರೇ ಏನು’ ಎಂದು ಆ ಕಾಗದವನ್ನು ನನ್ನ ಕೈಗೆ ಕೊಟ್ಟಾಗ, ವೈವಾದಲ್ಲಿ ಫ್ಯಾನ್ ನೋಡಿದ ಹಾಗೆಯೇ ಮನೆಯ ಫ್ಯಾನ್ ನೋಡಿದೆ.

ಮೊದಲು ಮಾಡಿದ್ದು, ಈಗ ಎಲ್ಲರೂ ಮಾಡುವುದನ್ನೇ. ಮೊಬೈಲಿನಲ್ಲಿ ಎಐಗೆ ‘6 ಲಕ್ಷ ಸಾಲ, 11 ಪರ್ಸೆಂಟ್, 48 ತಿಂಗಳು, ಪೈಥಾನ್ ಪ್ರೋಗ್ರಾಂ ಬರೆದುಕೊಡು’ ಎಂದೆ. ಅರ್ಧ ನಿಮಿಷದಲ್ಲಿ ಚೆಂದದ ಕೋಡ್ ಬಂತು. ಓಡಿಸಿದೆ, ಒಂದೂ ದೋಷವಿಲ್ಲ. ಕಂತು 15,507 ರೂಪಾಯಿ ಎಂದಿತು. ಆದರೆ ಅಪ್ಪ ಕಟ್ಟುತ್ತಿರುವುದು 18,000! ಇದು ಪರೀಕ್ಷೆಯ ಪ್ರಶ್ನೆಯಾಗಿದ್ದರೆ ನಾನು 15,507 ಎಂದು ಬರೆದು ಕಳಿಸಿ ನಿದ್ದೆ ಮಾಡುತ್ತಿದ್ದೆ. ಅಪ್ಪನ ಪಾಸ್‌ಬುಕ್ ಎದುರಿಗಿದ್ದದ್ದರಿಂದ ಮಾತ್ರ ಎಲ್ಲೋ ಏನೋ ಹೊಂದುತ್ತಿಲ್ಲ ಎಂದು ಗೊತ್ತಾಯಿತು.

ತಪ್ಪಿದ್ದದ್ದು ಕೋಡ್‌ನಲ್ಲಿ ಅಲ್ಲ. ಬಡ್ಡಿಯನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತಾರೆ. ಅಸಲು ಕರಗಿದಂತೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವುದು ಒಂದು. ಬ್ಯಾಂಕಿನ ಮನೆ ಸಾಲದಲ್ಲಿ ಹೀಗೇ ಮಾಡುವುದು. ಇನ್ನೊಂದು ‘ಫ್ಲ್ಯಾಟ್’ ಬಡ್ಡಿ. ಅದರಲ್ಲಿ ನೀವು ಎಷ್ಟೇ ಕಂತು ಕಟ್ಟಿದರೂ ಕೊನೆಯವರೆಗೂ ಪೂರ್ತಿ ಆರು ಲಕ್ಷಕ್ಕೇ ಬಡ್ಡಿ. ಆರು ಲಕ್ಷಕ್ಕೆ ಶೇಕಡಾ 11 ಅಂದರೆ ವರ್ಷಕ್ಕೆ 66,000, ನಾಲ್ಕು ವರ್ಷಕ್ಕೆ 2,64,000. ಅಸಲು ಸೇರಿಸಿ 48ರಿಂದ ಭಾಗಿಸಿ ನೋಡಿ, ಸರಿಯಾಗಿ 18,000. ನಾನು ‘ಫ್ಲ್ಯಾಟ್’ ಎಂದು ಹೇಳಿರಲಿಲ್ಲ, ಅದು ಕೇಳಲೂ ಇಲ್ಲ. ಹೇಳಿದ ಮೇಲೆ ಸರಿಯಾದ ಉತ್ತರವನ್ನೇ ಕೊಟ್ಟಿತು, ಅದನ್ನೂ ಹೇಳಬೇಕು. ಆದರೆ ಏನು ಹೇಳಬೇಕು ಎಂದು ತಿಳಿಯುವುದೇ ಓದು ತಾನೇ?

ಹಾಗಾದರೆ ಅಪ್ಪ ಕಟ್ಟುತ್ತಿರುವ ನಿಜವಾದ ಬಡ್ಡಿ ಎಷ್ಟು? ಇದಕ್ಕೆ ನೇರ ಸೂತ್ರವಿಲ್ಲ. ಊಹೆ ಮಾಡಿ, ನೋಡಿ, ತಿದ್ದಬೇಕು. ಬಾಳೆಗೊನೆಗೆ ದರ ಕಟ್ಟುವಾಗ ಒಬ್ಬ ಮೇಲಿಂದ, ಒಬ್ಬ ಕೆಳಗಿಂದ ಬಂದು ನಡುವೆ ಎಲ್ಲೋ ನಿಲ್ಲುತ್ತಾರಲ್ಲ, ಹಾಗೆ. ತಿಂಗಳ ಬಡ್ಡಿ ನೂರಕ್ಕೆ ಸೊನ್ನೆಗೂ ಐದು ರೂಪಾಯಿಗೂ ನಡುವೆ ಇದೆ ಎಂದು ಹಿಡಿಯಿರಿ. ಮಧ್ಯದ ಎರಡೂವರೆ ರೂಪಾಯಿಯಲ್ಲಿ 48 ಕಂತುಗಳ ಇಂದಿನ ಬೆಲೆ ನೋಡಿ. ಅದು ಆರು ಲಕ್ಷಕ್ಕಿಂತ ಕಡಿಮೆ ಬಂದರೆ ಊಹೆ ಹೆಚ್ಚಾಯಿತು, ಕೆಳಗಿಳಿಯಿರಿ. ಹೆಚ್ಚು ಬಂದರೆ ಮೇಲೇರಿ. ಹೀಗೆ ಅರ್ಧ ಅರ್ಧ ಮಾಡುತ್ತ ಇಪ್ಪತ್ತು ಸಲ ತಿರುಗಿದರೆ ಪೈಸೆಯ ಚೂರಿನವರೆಗೂ ಉತ್ತರ ಸಿಗುತ್ತದೆ. ಕೈಯಲ್ಲಿ ಮಾಡಿದರೆ ಒಂದು ದಿನ ಹಿಡಿದೀತು. ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಲೂಪ್ ಎಂಬುದು ಯಾಕೆ ಇದೆ ಎಂದು ಬಿ.ಕಾಂ.ನಿಂದ ಓದುತ್ತಿದ್ದ ನನಗೆ ಅವತ್ತು ರಾತ್ರಿ ಅರ್ಥವಾಯಿತು. ಹನ್ನೊಂದು ಸಾಲಿನ ಪ್ರೋಗ್ರಾಂ. ವೇರಿಯಬಲ್‌ಗೆ ‘ಟೆಂಪ್-2’ ಎಂದು ಹೆಸರಿಡದೆ ‘ಮಧ್ಯ’ ಎಂದು ಇಟ್ಟೆ.

ಉತ್ತರ ತಿಂಗಳಿಗೆ 1.599. ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 19.2.

ಇದನ್ನು ಅಪ್ಪನಿಗೆ ಹೇಗೆ ಹೇಳುವುದು? ‘ಎಫೆಕ್ಟಿವ್ ರೇಟ್’ ಎಂದು ಶುರು ಮಾಡಿದರೆ ಅವರು ಎದ್ದು ಹೋಗುತ್ತಾರೆ. ಆದರೆ ನಮ್ಮ ಕಡೆ ಬಡ್ಡಿಗೆ ಅದರದೇ ಭಾಷೆ ಇದೆಯಲ್ಲ, ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಎಂಬುದು. ‘ಅಪ್ಪಾ, ನೀವು ರೂಪಾಯಿಗಿಂತ ಕಡಿಮೆ ಬಡ್ಡಿ ಅಂದುಕೊಂಡೀರಿ. ಇದು ಒಂದು ರೂಪಾಯಿ ಅರವತ್ತು ಪೈಸೆ ಬಡ್ಡಿ’ ಎಂದೆ. ಅವರು ತಟ್ಟೆಯಿಂದ ಕೈ ತೆಗೆದರು. ‘ಊರಾಗ ಎರಡು ರೂಪಾಯಿ ಬಡ್ಡಿಗೆ ಕೊಡೋರನ್ನ ರಕ್ತ ಹೀರ್ತಾರ ಅಂತ ಬೈತಿದ್ವಿ. ಇವರು ಎ.ಸಿ. ರೂಮಿನಾಗ ಕುಂತು ಒಂದೂ ಅರವತ್ತು ಮಾಡ್ಯಾರ’ ಎಂದರು. ಇಡೀ ಸೆಮಿಸ್ಟರಿನ ಪಾಠವನ್ನು ಅಪ್ಪ ಎರಡು ಸಾಲಿನಲ್ಲಿ ಮುಗಿಸಿದ್ದರು.

ಇನ್ನೊಂದು ಇರುಸುಮುರುಸಿನ ವಿಷಯವೂ ಇತ್ತು. ಅದೇ ದರದಲ್ಲಿ 29 ಕಂತಿನ ನಂತರ ಉಳಿದ ಅಸಲು ಎಷ್ಟು ಎಂದು ಪ್ರೋಗ್ರಾಂಗೆ ಕೇಳಿದೆ. 2,92,931 ಎಂದಿತು. ಅಂದರೆ ಆಫೀಸಿನವರು ಹೇಳಿದ ಲೆಕ್ಕ, ಶುಲ್ಕ ಬಿಟ್ಟರೆ, ಸರಿಯಾಗಿಯೇ ಇತ್ತು. ಅಪ್ಪನಿಗೆ ಪೆಟ್ಟು ಬಿದ್ದದ್ದು ಸಾಲ ಮುಗಿಸಲು ಹೋದ ದಿನ ಅಲ್ಲ, ‘ಹನ್ನೊಂದು’ ಎಂಬ ಮಾತು ಕೇಳಿ ಸಹಿ ಹಾಕಿದ ದಿನ. ಚಿಲ್ಲರೆ ಸಾಲಗಳಿಗೆ ವಾರ್ಷಿಕ ನಿಜದರವನ್ನು ತೋರಿಸುವ ಮುಖ್ಯಾಂಶಗಳ ಹಾಳೆಯನ್ನು ಸಾಲಗಾರರಿಗೆ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಅಪ್ಪನ ಸಾಲ ಅದಕ್ಕಿಂತ ಹಳೆಯದು. ಈಗ ಸಾಲ ತೆಗೆಯುವವರು ಆ ಹಾಳೆ ಕೇಳಿ ಓದಿ. ಓದಲು ಬಾರದಿದ್ದರೆ ಮನೆಯಲ್ಲಿ ಬಿ.ಕಾಂ. ಓದುವವರಿಗೆ ಕೊಡಿ, ಅವರಿಗೂ ಅದು ಪರೀಕ್ಷೆಯೇ.

ಉಳಿದ ಮೂವರ ಲೆಕ್ಕಗಳೂ ಸಣ್ಣವಲ್ಲ. ಸಂಡೂರಿನವಳ ಅಪ್ಪ 2009ರಲ್ಲಿ ಅದಿರು ಸಾಗಿಸಲು ಸಾಲದ ಮೇಲೆ ಲಾರಿ ಕೊಂಡಿದ್ದರು. ಚೀನಾ ಅದಿರು ಕೊಳ್ಳುತ್ತಿದ್ದ ಕಾಲ, ರಸ್ತೆಯ ಗಿಡಗಳೆಲ್ಲ ಕೆಂಪಾಗಿದ್ದ ಕಾಲ. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಅಕ್ರಮ ಅಷ್ಟು ನಡೆದಿತ್ತು, ನಿಲ್ಲಿಸಬೇಕಾಗಿತ್ತು. ಅದನ್ನು ಅವಳೇ ಹೇಳುತ್ತಾಳೆ. ಆದರೆ ಲಾರಿ ನಿಂತರೂ ಕಂತು ನಿಲ್ಲಲಿಲ್ಲ. ಅವಳು ಅಪ್ಪನ ಹಳೆಯ ಡೈರಿಯಿಂದ ತಿಂಗಳ ಬಾಡಿಗೆಯ ಅಂಕಿಗಳನ್ನು ತೆಗೆದು ಪ್ರೋಗ್ರಾಂಗೆ ಹಾಕಿದಳು. ಎಲ್ಲ ತಿಂಗಳ ಸರಾಸರಿ ತೆಗೆದರೆ ಆದಾಯ ಕಂತಿಗಿಂತ ಹೆಚ್ಚೇ ಇದೆ! ಪುಸ್ತಕದ ಪ್ರಕಾರ ಸಾಲ ಸುರಕ್ಷಿತ. ತಿಂಗಳು ತಿಂಗಳಾಗಿ ಓಡಿಸಿದರೆ ಮಾತ್ರ, ಕೂಡಿಟ್ಟ ಹಣ ಯಾವ ತಿಂಗಳಲ್ಲಿ ಸೊನ್ನೆಯಾಯಿತು ಎಂದು ಕಾಣುತ್ತದೆ. ಲಾರಿಯನ್ನು ಎಳೆದುಕೊಂಡು ಹೋದದ್ದೂ ಅದೇ ತಿಂಗಳಂತೆ. ಅವಳಿಗೆ ಆಗ ಎಂಟು ವರ್ಷ. ಲಾರಿ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ‘ರಿಪೇರಿಗೆ’ ಎಂದಿದ್ದರಂತೆ.

ಕಂಪ್ಲಿಯವನದು ಭತ್ತದ ಲೆಕ್ಕ. ಹಣ ಬರುವುದು ಸುಗ್ಗಿಗೆ, ಟ್ರ್ಯಾಕ್ಟರ್ ಕಂತು ಪ್ರತಿ ತಿಂಗಳು. ಅವನ ಪ್ರೋಗ್ರಾಂನಲ್ಲಿ ವರ್ಷಕ್ಕೆ ಎರಡು ಬೆಳೆ ಎಂದೇ ಇತ್ತು. ‘ಕಾಲುವೆಗೆ ನೀರು ಬರದಿದ್ರೆ?’ ಎಂದು ನಾವು ಕೇಳಿದೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ, ನಾಟಿ ಮಾಡಿ ಕುಳಿತಿದ್ದವರು ನಿದ್ದೆಗೆಟ್ಟು ಕಾದದ್ದನ್ನು ಈ ಭಾಗದಲ್ಲಿ ಮರೆತವರಿಲ್ಲ. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು, ಮಳೆಯೂ ಕೈಹಿಡಿಯಿತು. ಆದರೆ ಅವನ ಪ್ರೋಗ್ರಾಂಗೆ ಅಂದಿನಿಂದ ಒಂದು ‘ಇಫ್’ ಸೇರಿತು. ಕಡ್ಡಿರಾಂಪುರದವಳದು ಪ್ರವಾಸಿಗರಿಗೆ ಬಾಡಿಗೆ ಕೊಡುವ ಎರಡು ಕೋಣೆಗಳ ಲೆಕ್ಕ. ಚಳಿಗಾಲದಲ್ಲಿ ಜಾಗ ಸಾಲದು, ಏಪ್ರಿಲ್–ಮೇನಲ್ಲಿ ಬಾಗಿಲು ತಟ್ಟುವವರಿಲ್ಲ. ಅವಳ ಪ್ರೋಗ್ರಾಂ ನಮ್ಮೆಲ್ಲರದಕ್ಕಿಂತ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬಡ್ಡಿ ಲೆಕ್ಕ ನಮಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಕಾಲ, ಬಡ್ಡಿಗಳ ಲೆಕ್ಕಗಳಿವೆ. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ನಮಗೆ ಮಾತ್ರ ಇದೆಲ್ಲ ಇಂಗ್ಲಿಷ್ ಸ್ಲೈಡ್‌ನಲ್ಲಿ ಬಂದು, ಇಂಗ್ಲಿಷ್‌ನಲ್ಲೇ ಉರು ಹೊಡೆಸಿಕೊಂಡು ಹೋಗುತ್ತಿತ್ತು. ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಆಗ ಒಂದು ನಿಯಮ ಮಾಡಿಕೊಂಡೆ. ಬರೆದ ಪ್ರೋಗ್ರಾಂನ ಪ್ರತಿ ಸಾಲನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು. ಅವರು ಸೊಪ್ಪು ಬಿಡಿಸುತ್ತ ‘ಹ್ಞೂಂ’ ಎನ್ನುತ್ತಿದ್ದರು. ಎಲ್ಲಿ ನನ್ನ ಮಾತು ತೊದಲುತ್ತದೋ ಆ ಸಾಲು ನನಗೆ ಅರ್ಥವಾಗಿಲ್ಲ ಎಂದೇ ಲೆಕ್ಕ. ನನ್ನ ತಯಾರಿಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಆ ಇನ್ನೂರು ಪುಟದ ಜೆರಾಕ್ಸ್ ಮಸಾಲೆ ಕಟ್ಟಲು ಹೋಯಿತು.

ಇಷ್ಟು ಹೇಳಿದ ಮೇಲೆ, ಮನೆ ಪರೀಕ್ಷೆಯನ್ನು ವಿರೋಧಿಸುವವರ ಒಂದು ಮಾತನ್ನು ಒಪ್ಪಲೇಬೇಕು. ‘ಮನೆ’ ಎಲ್ಲರಿಗೂ ಒಂದೇ ಅಲ್ಲ. 2020ರ ಆಗಸ್ಟ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂತಿಮ ವರ್ಷದವರಿಗೆ ಮನೆಯಿಂದಲೇ ಪುಸ್ತಕ ತೆರೆದು ಬರೆಯುವ ಪರೀಕ್ಷೆ ನಡೆಸಿದಾಗ, ನೆಟ್ ಇಲ್ಲದವರು, ಲ್ಯಾಪ್‌ಟಾಪ್ ಇಲ್ಲದವರು ಪಟ್ಟ ಪಾಡು ಸುದ್ದಿಯಾಗಿತ್ತು. ನಮ್ಮಲ್ಲೂ ಸಂಡೂರಿನ ಗೆಳತಿಗೆ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ತಾರಸಿಗೆ ಹೋಗಬೇಕು. ಕಂಪ್ಲಿಯವನ ಬಳಿ ಲ್ಯಾಪ್‌ಟಾಪ್ ಇಲ್ಲ. ಮೊಬೈಲಿನಲ್ಲೇ ಕೋಡ್ ಬರೆಯುತ್ತಾನೆ, ಒಂದು ಸ್ಪೇಸ್ ತಪ್ಪಿದರೆ ಪೈಥಾನ್ ಮುನಿಸಿಕೊಳ್ಳುತ್ತದೆ.

ಇನ್ನೊಂದು ತೊಡಕನ್ನು ಯಾರೂ ಹೇಳುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ನನಗೆ 48 ಗಂಟೆ ಸಿಕ್ಕಿತ್ತು ಎಂದು ಕಾಗದ ಹೇಳುತ್ತದೆ. ಆ ಎರಡು ದಿನ ಏನು ಮಾಡಿದೆ ಎಂದು ಆಮೇಲೆ ಬರೆದು ನೋಡಿದೆ. ನಿದ್ದೆ, ಎರಡು ಹೊತ್ತಿನ ಅಡುಗೆ, ಪಾತ್ರೆ, ನೀರು ಬಂದಾಗ ಡ್ರಮ್ ತುಂಬಿಸುವುದು, ಚಿಕ್ಕಮ್ಮ ಬಂದಿದ್ದಾರೆಂದು ಚಹಾ, ಕರೆಂಟು ಹೋದ ಹೊತ್ತು, ಎಲ್ಲ ಕಳೆದರೆ ಉಳಿದದ್ದು ಹನ್ನೊಂದು ಗಂಟೆ, ಅದೂ ತುಂಡು ತುಂಡಾಗಿ. ತಮ್ಮ ಪರೀಕ್ಷೆಗೆ ಓದುವಾಗ ಟಿ.ವಿ. ಬಂದ್ ಮಾಡಿ ಬಾಗಿಲು ಎಳೆಯುವ ಮನೆಯದು. ನಾನು ಪರೀಕ್ಷೆಯನ್ನೇ ಬರೆಯುತ್ತಿದ್ದರೂ ‘ಹೆಂಗೂ ಮನ್ಯಾಗೇ ಅದಿಯಲ್ಲ, ಅನ್ನಕ್ಕಿಡು’. ಹಾಲ್‌ನಲ್ಲಿ ಬರೆಯುವ ಮೂರು ಗಂಟೆ ಹುಡುಗಿಯರಿಗೆ ಪೂರ್ತಿ ಸಿಗುತ್ತದೆ. ಮನೆಯ 48 ಗಂಟೆ ಹಾಗಲ್ಲ.

ಆದ್ದರಿಂದ ನಾನು ಕೇಳುವುದು ಕಷ್ಟದ್ದೇನಲ್ಲ. ಆ ಎರಡು ದಿನ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಬೆಳಗ್ಗೆಯಿಂದ ರಾತ್ರಿ ಎಂಟರವರೆಗೆ ತೆರೆದಿರಲಿ. ಮನೆಯಲ್ಲಿ ಬರೆಯುವವರು ಬರೆಯಲಿ, ಬೇಡದವರು ಅಲ್ಲಿಗೆ ಬಂದು ಕೂರಲಿ. ಎಲ್ಲರಿಗೂ ಒಂದೇ ಪ್ರಶ್ನೆ ಕೊಡುವ ಬದಲು ‘ನಿಮ್ಮ ಮನೆಯ, ಓಣಿಯ ಒಂದು ಸಾಲ ತನ್ನಿ’ ಎನ್ನಲಿ, ಆಗ ಪಕ್ಕದವನ ಉತ್ತರ ಯಾರ ಕೆಲಸಕ್ಕೂ ಬರುವುದಿಲ್ಲ. ವೈವಾವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಎಐ ನಿಷೇಧಿಸಿ ಎಂದು ಹೇಳುವವರ ಗುಂಪಿಗೆ ನಾನು ಸೇರುವುದಿಲ್ಲ, ಅದು ಆಗುವ ಕೆಲಸವೂ ಅಲ್ಲ. ಆದರೆ 15,507 ಎಂಬ ಅಂಕಿ ಬಂದಾಗ ‘ಇದು 18,000 ಯಾಕಲ್ಲ?’ ಎಂದು ಕೇಳುವವರು ಎದುರಿಗೆ ಕೂತಿರಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಸೂತ್ರ ನೆನಪಿಟ್ಟು ಬರೆದು ನಾನು ಎರಡು ಸಲ ಡಿಸ್ಟಿಂಕ್ಷನ್ ತೆಗೆದಿದ್ದೇನೆ. ಅಪ್ಪ 2023ರಲ್ಲಿ ಸಹಿ ಹಾಕುವಾಗ ಅದೇ ವಿಷಯ ಓದುತ್ತಿದ್ದ ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ಈ ಸಲದ ಪ್ರಶ್ನೆಯಲ್ಲಿ ಕಂತುಗಳ ಪಟ್ಟಿ ಕೊಟ್ಟು ನಿಜವಾದ ದರ ಕಂಡುಹಿಡಿಯಲು ಕೇಳಿದ್ದರು. ಹೊಸ ಕೋಡ್ ಬರೆಯಲು ಮುಕ್ಕಾಲು ಗಂಟೆ ಸಾಕಾಯಿತು, ವಿವರಣೆ ಬರೆಯಲು ಇಡೀ ರಾತ್ರಿ. ವೈವಾದಲ್ಲಿ ಮೇಡಂ, ‘ಈ ಮಧ್ಯ ಅಂದ್ರೆ ಏನು?’ ಎಂದು ಕೇಳಿದರು. ಬಾಳೆಗೊನೆಯಿಂದ ಶುರು ಮಾಡಿದೆ. ಹತ್ತು ನಿಮಿಷ ಮುಗಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. 20ಕ್ಕೆ 16 ಬಂತು. ವಿವರಣೆ ಉದ್ದವಾಯಿತೆಂದು ಒಂದಿಷ್ಟು ಕಳೆದಿದ್ದಾರೆ.

ಅಪ್ಪ ಸಾಲ ಮುಗಿಸಲಿಲ್ಲ, ಇನ್ನೂ ಯೋಚಿಸುತ್ತಿದ್ದಾರೆ. ಈಗ ಕಟ್ಟಿದರೆ ಸುಮಾರು 2.93 ಲಕ್ಷ, ಕಂತಿನಲ್ಲೇ ಹೋದರೆ 3.42 ಲಕ್ಷ. ಶುಲ್ಕ ಎಷ್ಟೆಂದು ಕಾಗದದಲ್ಲಿ ಬರೆದುಕೊಡಿ ಎಂದು ಈ ಸೋಮವಾರ ಆಫೀಸಿಗೆ ಇಬ್ಬರೂ ಹೋಗುತ್ತಿದ್ದೇವೆ. ಕಂಪ್ಲಿಯ ಗೆಳೆಯನ ಸೋದರಮಾವ ತಮ್ಮ ಟ್ರ್ಯಾಕ್ಟರ್ ಸಾಲದ ಕಾಗದದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾರೆ. ಅದರ ಮೂರನೇ ಪುಟ ಮಸುಕಾಗಿದೆ, ಮತ್ತೆ ತೆಗೆದು ಕಳಿಸಿ ಎಂದು ಹೇಳಿದ್ದೇನೆ.